ಹೊಸ ಲ್ಯಾಪ್‌ಟಾಪ್‌ಗೆ ರ‍್ಯಾಮ್ ನಾವೇ ಹಾಕಬಹುದಾ?

ಪ್ರಶ್ನೆ: ಹೋದ ತಿಂಗಳು ತಗೊಂಡ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಇನ್ನೊಂದು 8 ಜಿಬಿ ಮನೆಯಲ್ಲೇ ಹಾಕಿಕೊಳ್ಳಬಹುದಾ?

ಉತ್ತರ: ಹಾಕಬಹುದು. ಆದರೆ ದುಡ್ಡು ಕೊಡುವ ಮೊದಲು ನಿಮ್ಮ ಮಾಡೆಲ್‌ನ ಮ್ಯಾನುಯಲ್ ತೆರೆದು ಖಾಲಿ ಸ್ಲಾಟ್ ಇದೆಯಾ ನೋಡಿ, ಏಕೆಂದರೆ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಜೊತೆಗೆ ಸ್ಲಾಟ್ ಕೂಡ ಇಲ್ಲದಿದ್ದರೆ ಏನೂ ಮಾಡಲಾಗದು. ವಾರಂಟಿ ಷರತ್ತನ್ನೂ ಓದಿ. ರ‍್ಯಾಮ್‌ನ ತಲೆಮಾರೂ ಹೊಂದಬೇಕು: ಡಿಡಿಆರ್4 ಸ್ಲಾಟ್‌ನಲ್ಲಿ ಅದರ ನಂತರದ ತಲೆಮಾರಿನ ಡಿಡಿಆರ್5 ಕೂರುವುದೇ ಇಲ್ಲ, ಕಚ್ಚು ಬೇರೆ ಕಡೆ ಇರುತ್ತದೆ.

ಬಿಚ್ಚುವಾಗ ಅವಸರ ಬೇಡ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಕಳಚಿ. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ ಅಲ್ವಾ, ಯಾವುದು ಎಲ್ಲಿಯದು ಅಂತ ಫೋಟೊ ತೆಗೆದಿಡಿ. ರ‍್ಯಾಮನ್ನು ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಅಂಚು ಒಳಗೆ ಹೋದ ಮೇಲೆ ಮೆಲ್ಲಗೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ‘ಟಕ್’ ಅನ್ನಬೇಕು. ಮೊದಲ ಸಲ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿದರೆ ಗಾಬರಿಯಾಗಬೇಡಿ.