ಮೊಟ್ಟೆ ಇಡುವ ಮುನ್ನ ಕ್ರ್ಯಾಪಿ ಮೀನನ್ನು ಹುಡುಕುವುದೆಲ್ಲಿ?

ಪ್ರಶ್ನೆ: ನಾನು ಅಮೆರಿಕದ ಮೆಂಫಿಸ್‌ನಲ್ಲಿ ನೆಲೆಸಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ರಾಜ್ಯದ ಗ್ರೆನಡಾ ಜಲಾಶಯದಲ್ಲಿ, ದಡದ ಪೊದೆಗಳ ಸಂದಿಯಲ್ಲಿ ಕ್ರ್ಯಾಪಿ ಎಂಬ ಸಿಹಿನೀರಿನ ಮೀನು ಧಾರಾಳವಾಗಿ ಸಿಕ್ಕಿತ್ತು. ಈಗ ಫೆಬ್ರುವರಿ ಕೊನೆಯಲ್ಲಿ ಅದೇ ದಡದುದ್ದಕ್ಕೂ, ಗಂಟೆಗೆ ಎರಡು ಮೈಲಿ ವೇಗದಲ್ಲಿ ದೋಣಿಯ ಹಿಂದೆ ಜಿಗ್‌ಗಳನ್ನು (ಸೀಸದ ತಲೆಯಿರುವ ಕೊಕ್ಕೆಯ ಕೃತಕ ಎರೆ) ಎಳೆದುಕೊಂಡು ಹೋದರೂ ಒಂದು ಮೀನೂ ಕಚ್ಚಲಿಲ್ಲ. ತಪ್ಪು ಜಾಗದ್ದೋ, ವೇಗದ್ದೋ?

ಉತ್ತರ: ಎರಡೂ ತಪ್ಪಿವೆ, ಆದರೆ ವೇಗದ ಪಾಲು ಹೆಚ್ಚು. ಮೊದಲಿಗೆ ಜಾಗದ ವಿಚಾರ. ಗ್ರೆನಡಾ ಪ್ರವಾಹ ತಡೆಯಲೆಂದು ಕಟ್ಟಿದ ಜಲಾಶಯವಾದ್ದರಿಂದ, ಮಳೆನೀರಿಗೆ ಸ್ಥಳ ಬಿಡುವ ಸಲುವಾಗಿ ಚಳಿಗಾಲದಲ್ಲಿ ಅದರ ಮಟ್ಟವನ್ನು ಬಹಳಷ್ಟು ಇಳಿಸಿರುತ್ತಾರೆ. ಏಪ್ರಿಲ್‌ನಲ್ಲಿ ನೀವು ಗಾಳ ಹಾಕಿದ ಪೊದೆಗಳು ಈಗ ಬಹುಮಟ್ಟಿಗೆ ಒಣ ನೆಲದ ಮೇಲಿರುತ್ತವೆ. ಕ್ರ್ಯಾಪಿ ಮೊಟ್ಟೆ ಇಡುವುದು ನೀರು ಸುಮಾರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ. 10 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಅದು ದಡಕ್ಕೆ ಬರುವ ಆತುರ ತೋರುವುದಿಲ್ಲ. ಮುಳುಗಿರುವ ಹಳ್ಳಗಳ ಹಳೆಯ ಪಾತ್ರ ಹಿಡಿದು, ಆ ಹಳ್ಳ ಜಲಾಶಯದ ಮುಖ್ಯ ಭಾಗಕ್ಕೆ ಕೂಡುವ ಬಾಯಿಯ ಹತ್ತಿರ, ತಳಕ್ಕಂಟದೆ ನಡುನೀರಿನಲ್ಲಿ ತನ್ನ ಆಹಾರವಾದ ಶ್ಯಾಡ್ ಎಂಬ ಸಣ್ಣ ಮೀನುಗಳ ಹಿಂಡಿನ ಜೊತೆಯಲ್ಲಿ ತೇಲಿಕೊಂಡಿರುತ್ತದೆ. ಮೂರ್ನಾಲ್ಕು ದಿನ ಬಿಸಿಲು ಬಿದ್ದರೆ ಹಳ್ಳದೊಳಕ್ಕೆ ಒಂದಿಷ್ಟು ಸರಿಯುತ್ತದೆ, ಶೀತಗಾಳಿ ಬೀಸಿದರೆ ಮತ್ತೆ ಆಳಕ್ಕೆ ಹಿಂದಿರುಗುತ್ತದೆ.

ಇನ್ನು ವೇಗ. ಹಿಂದೆ ಎಳೆಯುವ ಜಿಗ್ ಎಷ್ಟು ಆಳದಲ್ಲಿ ಸಾಗುತ್ತದೆ ಎಂಬುದನ್ನು ಜಿಗ್‌ನ ತೂಕ, ದಾರದ ದಪ್ಪ ಮತ್ತು ಬಿಟ್ಟ ಉದ್ದದ ಜೊತೆಗೆ ದೋಣಿಯ ವೇಗವೂ ನಿರ್ಧರಿಸುತ್ತದೆ. ಎರಡು ಮೈಲಿ ವೇಗಕ್ಕೆ 1/16 ಔನ್ಸ್‌ನ ಜಿಗ್ ಮೇಲ್ಮೈಯ ಹತ್ತಿರಕ್ಕೇ ಎದ್ದು ಬರುತ್ತದೆ. ತಣ್ಣೀರಿನಲ್ಲಿ ಮಂದವಾಗಿರುವ ಮೀನು ಅದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಹಿಂದೆ ಎಳೆಯುವುದೇ ನಿಮಗಿಷ್ಟವಾದರೆ ಒಂದು ಮೈಲಿಗಿಂತ ಕಡಿಮೆ ವೇಗದಲ್ಲಿ, ನೇರವಾಗಿ ಹೋಗದೆ ಹಾವಿನಂತೆ ಬಳಸುತ್ತಾ ಸಾಗಿರಿ. ತಿರುವಿನಲ್ಲಿ ಒಳಬದಿಯ ಜಿಗ್ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಬದಿಯದು ವೇಗ ಪಡೆದು ಮೇಲೇಳುತ್ತದೆ. ಯಾವ ಬದಿಯ ಗಾಳಕ್ಕೆ ಮೀನು ಬಿತ್ತೆಂಬುದನ್ನು ಗಮನಿಸಿದರೆ ವೇಗವನ್ನು ತಗ್ಗಿಸಬೇಕೋ ಹೆಚ್ಚಿಸಬೇಕೋ ಎಂಬುದು ಗೊತ್ತಾಗುತ್ತದೆ.

ಆದರೆ ಈ ಋತುವಿನಲ್ಲಿ ನಾನು ಹೇಳುವುದು ಸ್ಪೈಡರ್ ರಿಗ್ಗಿಂಗ್. ದೋಣಿಯ ಮೂತಿಯಲ್ಲಿ ಉದ್ದನೆಯ ಕೋಲುಗಳನ್ನು ಬೀಸಣಿಗೆಯ ಹಾಗೆ ಹರಡಿ ಹೋಲ್ಡರ್‌ಗಳಲ್ಲಿ ಸಿಕ್ಕಿಸಿ, ಅರ್ಧ ಔನ್ಸ್ ಅಥವಾ ಅದಕ್ಕೂ ಹೆಚ್ಚಿನ ಸೀಸದ ತೂಕ ಕಟ್ಟಿ, ಎರೆಯಾಗಿ ಮಿನ್ನೋ ಎಂಬ ಜೀವಂತ ಪುಟ್ಟ ಮೀನುಗಳನ್ನು ಪೋಣಿಸಿ, ಗಾಳಿಗೆ ಎದುರಾಗಿ ಎಲೆಕ್ಟ್ರಿಕ್ ಮೋಟಾರಿನಿಂದ ಗಂಟೆಗೆ ಅರ್ಧ ಮೈಲಿಯೂ ಮೀರದಂತೆ ದೋಣಿಯನ್ನು ತಳ್ಳಿಕೊಂಡು ಹೋಗಬೇಕು. ವೇಗದ ಅಂಕಿಗಿಂತ ದಾರವನ್ನೇ ನೋಡುವುದು ಉತ್ತಮ: ಅದು ನೀರಿಗೆ ಹೆಚ್ಚುಕಡಿಮೆ ನೆಟ್ಟಗೆ ಇಳಿದಿರಬೇಕು, ಹಿಂದಕ್ಕೆ ವಾಲಿದರೆ ಆಳದ ಲೆಕ್ಕ ತಪ್ಪಿದಂತೆಯೇ. ಸೋನಾರ್‌ನಲ್ಲಿ (ಶಬ್ದತರಂಗದಿಂದ ನೀರಿನೊಳಗಿನ ಮೀನನ್ನು ತೋರಿಸುವ ಸಾಧನ) ಮೀನು ಹದಿನಾಲ್ಕು ಅಡಿಯಲ್ಲಿ ಕಂಡರೆ ಗಾಳವನ್ನು ಹನ್ನೆರಡು, ಹದಿಮೂರು ಅಡಿಗೆ ಬಿಡಿ. ಕ್ರ್ಯಾಪಿ ಸಾಮಾನ್ಯವಾಗಿ ತನಗಿಂತ ಮೇಲಿನ ಆಹಾರಕ್ಕೆ ಬಾಯಿ ಹಾಕುತ್ತದೆ. ಕೆಳಗಿರುವುದರತ್ತ ಅಪರೂಪಕ್ಕೆ ತಿರುಗುತ್ತದೆ.

ಹೊಸಬರು ಕೈಬಿಡುವ ಮೀನುಗಳಲ್ಲಿ ಹೆಚ್ಚಿನವು ತಪ್ಪಿಸಿಕೊಳ್ಳುವುದು ಹೀಗೆ ಮೇಲ್ಮುಖವಾಗಿ ಕಚ್ಚಿದ್ದನ್ನು ಗುರುತಿಸದ ಕಾರಣಕ್ಕೆ ಎಂಬುದು ನನ್ನ ಅಭಿಪ್ರಾಯ. ಮೀನು ಮೇಲಕ್ಕೇರಿ ಕಚ್ಚುವಾಗ ಸೀಸದ ಭಾರವೂ ಅದರೊಂದಿಗೆ ಮೇಲೇಳುವುದರಿಂದ, ಬಾಗಿದ್ದ ಕೋಲಿನ ತುದಿ ಕೆಳಕ್ಕೆ ಜಗ್ಗುವ ಬದಲು ಮೆಲ್ಲನೆ ನೆಟ್ಟಗಾಗುತ್ತದೆ, ದಾರ ಸಡಿಲವಾಗುತ್ತದೆ. ಆಗಲೇ ಕೋಲನ್ನು ಎತ್ತಬೇಕು, ಆದರೆ ಜೋರಾಗಿ ಸೆಳೆಯಬಾರದು. ಈ ಮೀನಿನ ಬಾಯಿಯ ಪೊರೆ ಬಹಳ ತೆಳುವಾದುದರಿಂದ ಕೊಕ್ಕೆ ಹರಿದುಕೊಂಡು ಬರುತ್ತದೆ. ದೋಣಿಯ ಪಕ್ಕಕ್ಕೆ ತಂದ ಮೇಲೆ ಕೈಬಲೆಯಿಂದಲೇ ಎತ್ತಿಕೊಳ್ಳಿ.

ಒಬ್ಬರು ಎಷ್ಟು ಕೋಲು ಹೂಡಬಹುದು, ಎಷ್ಟು ಉದ್ದದ ಮೀನನ್ನು ಇಟ್ಟುಕೊಳ್ಳಬಹುದು ಎಂಬ ನಿಯಮಗಳು ಜಲಾಶಯದಿಂದ ಜಲಾಶಯಕ್ಕೆ ಬೇರೆಯಾಗಿರುತ್ತವೆ. ಹೊರರಾಜ್ಯದವರಾದ ನೀವು ಮಿಸಿಸಿಪ್ಪಿಯ ಪರವಾನಗಿ ಪಡೆಯುವಾಗಲೇ ಅವುಗಳನ್ನು ನೋಡಿಕೊಳ್ಳಿ. ಮೂವತ್ತು ಅಡಿಗೂ ಆಳದಿಂದ ಎಳೆದು ತಂದ ಮೀನು ಒತ್ತಡದ ಬದಲಾವಣೆಯಿಂದ ಗಾಯಗೊಂಡಿರುತ್ತದೆ, ನೀರಿಗೆ ಬಿಟ್ಟರೂ ಅನೇಕ ಬಾರಿ ಬದುಕುವುದಿಲ್ಲ. ಸಣ್ಣ ಮೀನುಗಳೇ ಸಿಗುತ್ತಿದ್ದರೆ ಅಷ್ಟು ಆಳದ ಜಾಗವನ್ನು ಬಿಟ್ಟು ಮುಂದೆ ಹೋಗುವುದು ಸರಿ.