ಶ್ರದ್ಧಾಂಜಲಿ ಬೇಡ, ಲೆಕ್ಕ ಕೊಡಿ

ಪ್ರಿಯ ಬರಹಗಾರರೇ,

ಇಂಗ್ಲೆಂಡ್ ಮತ್ತು ಇಟಲಿಯ ಫುಟ್‌ಬಾಲ್ ಕ್ಲಬ್‌ಗಳ ನಡುವೆ ನಡೆಯುತ್ತಿದ್ದ ಆಂಗ್ಲೋ-ಇಟಾಲಿಯನ್ ಕಪ್ ಟೂರ್ನಿಯ ಕುರಿತು ನೀವು ಕಳಿಸಿದ ‘ಮರೆತುಹೋದ ಮಹಾಸಂಗ್ರಾಮ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ವಸ್ತುವನ್ನು ಕೈಬಿಡಲೂ ಮನಸ್ಸಿಲ್ಲ. ಎರಡು ಸಾಲಿನ ವಿಷಾದಪತ್ರದಲ್ಲಿ ಮುಗಿಸಬಹುದಾಗಿದ್ದ ಉತ್ತರ ಇಷ್ಟುದ್ದ ಆಗಿರುವುದು ಅದಕ್ಕೇ.

ಮೊದಲ ಎರಡು ಪುಟಗಳಲ್ಲಿ ಪೆಲೆ ಬರುತ್ತಾರೆ, ಮರಡೋನಾ ಬರುತ್ತಾರೆ, ‘ಫುಟ್‌ಬಾಲ್ ಎಂಬುದು ಒಂದು ಧರ್ಮ’ ಎಂಬ ಸವಕಲು ಮಾತು ಬರುತ್ತದೆ. ಕಪ್ ಮಾತ್ರ ಬರುವುದಿಲ್ಲ. ಆ ಎರಡು ಪುಟಗಳನ್ನು ಹರಿದುಹಾಕಿ. ನಿಮ್ಮ ಲೇಖನ ನಿಜವಾಗಿ ಹುಟ್ಟುವುದು ಮೂರನೇ ಪುಟದ ನಡುವೆ, 1969ರ ಮಾರ್ಚ್ ತಿಂಗಳ ವೆಂಬ್ಲಿಯಲ್ಲಿ. ಇಂಗ್ಲಿಷ್ ಲೀಗ್‌ನ ಮೂರನೇ ಹಂತವಾದ ಮೂರನೇ ಡಿವಿಷನ್ನಿನ ಕ್ಲಬ್ ಸ್ವಿಂಡನ್ ಟೌನ್, ಲೀಗ್ ಕಪ್ ಫೈನಲಿನ ಹೆಚ್ಚುವರಿ ಸಮಯದಲ್ಲಿ ಆರ್ಸೆನಲ್ ತಂಡವನ್ನು 3-1ರಿಂದ ಮಣಿಸಿತು. ಲೀಗ್ ಕಪ್ ಗೆದ್ದವರಿಗೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಫೇರ್ಸ್ ಕಪ್‌ನಲ್ಲಿ ಜಾಗ ಸಿಗಬೇಕಿತ್ತು. ಮೂರನೇ ಡಿವಿಷನ್ನಿನವರು ಎಂಬ ಒಂದೇ ಕಾರಣಕ್ಕೆ ಸ್ವಿಂಡನ್‌ಗೆ ಸಿಗಲಿಲ್ಲ. ನೀವು ಇದನ್ನು ‘ತಾಂತ್ರಿಕ ಕಾರಣಗಳಿಂದ ಅವಕಾಶ ತಪ್ಪಿತು’ ಎಂದು ಬರೆದಿದ್ದೀರಿ. ಅದು ವಿದ್ಯುತ್ ಸರಬರಾಜು ನಿಲ್ಲಿಸುವವರು ಹೊರಡಿಸುವ ಪ್ರಕಟಣೆಯ ಭಾಷೆ. ಗೆದ್ದವನನ್ನು ಜಾತಿ ಕೇಳಿ ಬಾಗಿಲಲ್ಲೇ ನಿಲ್ಲಿಸಿದರು ಎಂದು ನೇರವಾಗಿ ಬರೆಯಿರಿ. ಅದರ ಬೆನ್ನಿಗೇ, ಸೋತ ಆರ್ಸೆನಲ್ ಲೀಗ್ ಸ್ಥಾನದ ಬಲದಿಂದ ಅದೇ ಫೇರ್ಸ್ ಕಪ್‌ಗೆ ಹೋಗಿ 1970ರಲ್ಲಿ ಅದನ್ನು ಗೆದ್ದೂಬಿಟ್ಟಿತು ಎಂಬುದನ್ನು ಸೇರಿಸಿ. ನಿಮ್ಮ ಹಸ್ತಪ್ರತಿಯಲ್ಲಿ ಇದರ ಸುಳಿವೇ ಇಲ್ಲ.

ಸ್ವಿಂಡನ್‌ನ ಬಾಯಿ ಸಿಹಿ ಮಾಡಲೆಂದೇ ಇಟಲಿಯ ಕಪ್ ವಿಜೇತ ರೋಮಾ ಜೊತೆ ಎರಡು ಪಂದ್ಯಗಳ ಏರ್ಪಾಡಾಯಿತು. ರೋಮ್‌ನಲ್ಲಿ 1-2ರಿಂದ ಸೋತವರು ತವರಿನಲ್ಲಿ 4-0ಯಿಂದ ತಿರುಗಿಸಿ ಕೊಟ್ಟರು. ಆರ್ಥರ್ ಹಾರ್ಸ್‌ಫೀಲ್ಡ್ ಒಬ್ಬನೇ ಮೂರು ಗೋಲು ಹೊಡೆದ. ಮರುವರ್ಷವೇ ಆರು ಇಂಗ್ಲಿಷ್, ಆರು ಇಟಾಲಿಯನ್ ಕ್ಲಬ್‌ಗಳ ಟೂರ್ನಿ ಶುರು. ಇದರ ಸೂತ್ರಧಾರ ಜೀಜಿ ಪೆರೊನಾಚೆಗೆ ನೀವು ಕೊಟ್ಟಿರುವುದು ಅರ್ಧ ವಾಕ್ಯ. ಆಟಗಾರರಾದ ಜಾನ್ ಚಾರ್ಲ್ಸ್‌ನನ್ನು ಇಟಲಿಯ ಯುವೆಂಟಸ್‌ಗೂ ಡೆನಿಸ್ ಲಾನನ್ನು ಟೊರಿನೊಗೂ ಕರೆದೊಯ್ದ ವ್ಯವಹಾರಗಳ ಹಿಂದಿದ್ದ ಮನುಷ್ಯ ಆತ. ಎರಡೂ ದೇಶದ ಕ್ಲಬ್ ಮಾಲೀಕರ ನಾಡಿ ಬಲ್ಲವನು. ಮೆಕ್ಸಿಕೊ ವಿಶ್ವಕಪ್‌ಗಾಗಿ 1970ರಲ್ಲಿ ಎರಡೂ ಕಡೆಯ ಲೀಗ್ ಬೇಗ ಮುಗಿದಿತ್ತು. ಮೇ ತಿಂಗಳು ಖಾಲಿ ಬಿದ್ದಿತ್ತು. ಈ ಕಪ್ ಯಾರಿಗೆ ಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀವು ಆ ಪ್ರಶ್ನೆಯನ್ನು ಹದಿನಾಲ್ಕು ಪುಟಗಳಲ್ಲಿ ಒಮ್ಮೆಯೂ ಕೇಳಿಲ್ಲ. ನಿಮ್ಮ ಲೇಖನದ ಮೂಲ ದೋಷ ಅದೇ.

ಈಗ ಅಂಕಗಳ ವಿಷಯಕ್ಕೆ ಬರುತ್ತೇನೆ. ‘ವಿಶಿಷ್ಟ ಅಂಕ ಪದ್ಧತಿಯಿತ್ತು’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಓದುಗ ಅಲ್ಲೇ ನಿಂತು, ಹಾಗೆಂದರೇನು ಎಂದು ಕೇಳುತ್ತಾನೆ. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು, ಅದರ ಮೇಲೆ ಹೊಡೆದ ಪ್ರತಿ ಗೋಲಿಗೂ ಒಂದೊಂದು. ಹಾಗಾದಾಗ 4-5ರಿಂದ ಸೋತವನಿಗೆ ನಾಲ್ಕು ಅಂಕ, 1-0ಯಿಂದ ಗೆದ್ದವನಿಗೆ ಮೂರೇ! ಒಂದು ಗೋಲು ಹೊಡೆದು ಗೋಡೆ ಕಟ್ಟಿ ಕೂರುವುದನ್ನೇ ವಿದ್ಯೆ ಎಂದು ಸಾಧಿಸಿದ್ದ ಇಟಲಿಯ ತಂಡಗಳ ಮುಂದೆ ಈ ನಿಯಮ ಇಟ್ಟವರ ತುಂಟತನವನ್ನು ಮೆಚ್ಚಬೇಕು. 1972ರ ಜೂನ್‌ನಲ್ಲಿ ಬ್ಲ್ಯಾಕ್‌ಪೂಲ್ ತನ್ನ ಮೈದಾನದಲ್ಲಿ ಲಾನೆರೊಸ್ಸಿ ವಿಚೆಂಝಾವನ್ನು 10-0ಯಿಂದ ಬಡಿದು, ಒಂದೇ ಪಂದ್ಯದಲ್ಲಿ 12 ಅಂಕ ಬಾಚಿಕೊಂಡಿತು. ಹತ್ತನೆಯ ಗೋಲಿಗೂ ಬೆಲೆಯಿದ್ದ ಟೂರ್ನಿ ಇದು. ಈ ಫಲಿತಾಂಶ ನಿಮ್ಮಲ್ಲಿದೆ, ಆದರೆ ‘ಭರ್ಜರಿ ಗೆಲುವು’ ಎಂಬ ಪಟ್ಟಿಯಲ್ಲಿ, ನಿಯಮದ ಸಂಗಡವಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಕಿಲ್ಲ. ಅಷ್ಟಾಗಿಯೂ ಫೈನಲಿನಲ್ಲಿ ಬ್ಲ್ಯಾಕ್‌ಪೂಲನ್ನು ರೋಮಾ 3-1ರಿಂದ ಸೋಲಿಸಿತು ಎಂಬುದನ್ನೂ ಬಿಡಬೇಡಿ.

ನೇಪಲ್ಸ್ ಭಾಗದಲ್ಲಿ ತಪ್ಪೂ ಇದೆ, ಅತಿರೇಕವೂ ಇದೆ. ಸ್ವಿಂಡನ್ ‘ಪೂರ್ಣ 90 ನಿಮಿಷ ಆಡಿ 3-0ಯಿಂದ ಗೆದ್ದಿತು’ ಎಂದಿದ್ದೀರಿ. 1970ರ ಮೇ 28ರಂದು ನೇಪಲ್ಸ್‌ನ ಸಾನ್ ಪಾವೊಲೊ ಕ್ರೀಡಾಂಗಣದಲ್ಲಿ ನಡೆದ ಟೂರ್ನಿಯ ಆ ಮೊದಲ ಫೈನಲ್ 79ನೇ ನಿಮಿಷಕ್ಕೇ ನಿಂತುಹೋಯಿತು. ತವರಿನ ನಾಪೊಲಿ ಮೂರು ಗೋಲು ಹಿಂದಿದ್ದುದನ್ನು ನೋಡಲಾರದೆ ಪ್ರೇಕ್ಷಕರು ದಾಂಧಲೆಗಿಳಿದರು, ಪಂದ್ಯ ರದ್ದಾಗಿ ಕಪ್ ಸ್ವಿಂಡನ್ ಪಾಲಾಯಿತು. ಇಂಥದ್ದನ್ನು ತಪ್ಪಾಗಿ ಬರೆದು, ಅದರ ಮೇಲೆ ‘ಕಣ್ಣೀರು ಒರೆಸಿಕೊಳ್ಳುತ್ತಾ ಮುದುಕನೊಬ್ಬ ನುಡಿದ’ ಎಂದು ಉದ್ಧರಣ ಚಿಹ್ನೆಯೊಳಗೆ ಮಾತು ಹಾಕಿದ್ದೀರಲ್ಲ, ಆ ಮುದುಕ ಯಾರು? ಎಲ್ಲಿ ಸಿಕ್ಕಿದ? ಸಿಗದಿದ್ದರೆ ಕಥಾಸ್ಪರ್ಧೆಗೆ ಕಳಿಸಿ, ನನಗೆ ಬೇಡ.

1973ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಫ್ಲಾರೆನ್ಸ್‌ನಲ್ಲೇ ಫಿಯೊರೆಂಟಿನಾವನ್ನು 2-1ರಿಂದ ಸೋಲಿಸಿದ ಮೇಲೆ ವೃತ್ತಿಪರರ ಟೂರ್ನಿ ನಿಂತಿತು. ಮುಂದೆ 1976ರಿಂದ 1986ರವರೆಗೆ ಅರೆವೃತ್ತಿಪರ ತಂಡಗಳ ಹೆಸರಿನಲ್ಲಿ ಬದುಕಿತು. ಅದಕ್ಕೆ ನೀವು ಮೂರು ಪುಟ ಮೀಸಲಿಟ್ಟಿದ್ದೀರಿ. ಒಂದು ವಾಕ್ಯ ಸಾಕು.

ಎರಡನೇ ಜನ್ಮ ಇದಕ್ಕಿಂತ ರಸವತ್ತಾದದ್ದು. 1992ರಲ್ಲಿ ಎರಡೂ ದೇಶಗಳ ಎರಡನೇ ಹಂತದ ಕ್ಲಬ್‌ಗಳಿಗೆಂದು ಕಪ್ ಮತ್ತೆ ಬಂದಿತು. ಇಂಗ್ಲಿಷ್ ತಂಡವೊಂದು ಇಟಾಲಿಯನ್ ತಂಡವನ್ನೇ ಎದುರಿಸುವಂತೆ ಫೈನಲ್ ಹೊಂದಿಸಿ, ವೆಂಬ್ಲಿಯಲ್ಲಿ ಇಟ್ಟರು. ಮೊದಲ ವರ್ಷ ಕ್ರೆಮೊನೆಸೆ ಡರ್ಬಿ ಕೌಂಟಿಯನ್ನು 3-1ರಿಂದ ಸೋಲಿಸಿದ್ದನ್ನು ನೋಡಲು ಸುಮಾರು 37 ಸಾವಿರ ಜನ. ಮರುವರ್ಷ ಬ್ರೆಶಾ-ನಾಟ್ಸ್ ಕೌಂಟಿ ಪಂದ್ಯಕ್ಕೆ 17 ಸಾವಿರ. 1995ರಲ್ಲಿ 12 ಸಾವಿರವೂ ತುಂಬಲಿಲ್ಲ. ‘ಜನಮಾನಸದಲ್ಲಿ ಅಚ್ಚಳಿಯದೆ ಉಳಿದ’ ಎಂಬ ನಿಮ್ಮ ವಾಕ್ಯದ ಮುಂದೆ ಈ ಅಂಕಿಗಳನ್ನು ಇಟ್ಟು ನೋಡಿ. ಅದೇ ಹೊತ್ತಿಗೆ ಇಟಲಿಯ ಅಂಕೋನಾದಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಆಡಿದ ಪಂದ್ಯ ಹೊಡೆದಾಟದಲ್ಲಿ ಮುಗಿದಿತ್ತು. ಪಂದ್ಯಗಳ ದಿನಾಂಕ ಹೊಂದಿಸುವುದರಲ್ಲೇ ಎರಡು ಲೀಗ್‌ಗಳು ಸುಸ್ತಾಗಿದ್ದವು. 1996ರಲ್ಲಿ ಜಿನೋವಾ ಪೋರ್ಟ್ ವೇಲ್ ಮೇಲೆ 5-2ರಿಂದ ಗೆದ್ದದ್ದೇ ಕೊನೆ. ‘ದುಷ್ಟ ವಾಣಿಜ್ಯಶಕ್ತಿಗಳು ಕೊಂದವು’ ಎಂದಿದ್ದೀರಿ. ಯಾರೂ ಕೊಲ್ಲಲಿಲ್ಲ. ನೋಡುವವರಿರಲಿಲ್ಲ, ನಡೆಸುವವರಿಗೆ ಬಿಡುವಿರಲಿಲ್ಲ.

ಆದರೂ ಆ 1995ರ ಫೈನಲನ್ನು ಹಿಗ್ಗಿಸಿ. ನಾಟ್ಸ್ ಕೌಂಟಿ 1862ರಲ್ಲಿ ಹುಟ್ಟಿದ ಕ್ಲಬ್. ಅಸ್ಕೋಲಿಯನ್ನು 2-1ರಿಂದ ಸೋಲಿಸಿ ಕಪ್ ಎತ್ತಿತು, ಅದೇ ಋತುವಿನಲ್ಲಿ ಲೀಗ್‌ನಲ್ಲಿ ತಳ ಸೇರಿ ಕೆಳಗಿನ ಡಿವಿಷನ್‌ಗೆ ಜಾರಿತು. ಕಪ್ ಗೆದ್ದುಕೊಟ್ಟ ತರಬೇತುದಾರ ಹೊವರ್ಡ್ ಕೆಂಡಲ್ ಕೆಲವೇ ದಿನಗಳಲ್ಲಿ ಹೊರಬಿದ್ದರು. ಸೋತ ಅಸ್ಕೋಲಿಯ ಮುಂಚೂಣಿಯಲ್ಲಿದ್ದವನು ಒಲಿವರ್ ಬಿಯರ್‌ಹಾಫ್. ಮರುವರ್ಷ ಅದೇ ವೆಂಬ್ಲಿಯಲ್ಲಿ ಹೆಚ್ಚುವರಿ ಸಮಯದಲ್ಲಿ ಪಂದ್ಯವನ್ನು ಅಲ್ಲಿಗೇ ಮುಗಿಸುವ ‘ಗೋಲ್ಡನ್ ಗೋಲ್’ ಹೊಡೆದು ಜರ್ಮನಿಗೆ ಯುರೋ ಕಪ್ ತಂದುಕೊಟ್ಟವನು. ಇಷ್ಟೆಲ್ಲ ಒಂದೇ ಪಂದ್ಯದ ಸುತ್ತ ಇರುವಾಗ ವಿಶೇಷಣಗಳನ್ನು ಹುಡುಕುತ್ತಾ ಯಾಕೆ ಅಲೆಯುತ್ತೀರಿ?

ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾಗವನ್ನು ತೆಗೆಯಿರಿ. ಹೆಮ್ಮೆಯ ವಿಷಯವೇ ಹೌದು, ನಾನೂ ಅಂದು ರಾತ್ರಿ ಟಿ.ವಿ. ಬಿಟ್ಟು ಎದ್ದಿರಲಿಲ್ಲ. ಆದರೆ ಅದು ಏಷ್ಯಾ ಖಂಡದ ಒಕ್ಕೂಟವೇ ನಡೆಸುತ್ತಿದ್ದ ಟೂರ್ನಿ, ಇಲ್ಲಿ ಅದಕ್ಕೆ ಕೆಲಸವಿಲ್ಲ. ಕನ್ನಡ ಓದುಗನಿಗೆ ಸ್ವಿಂಡನ್ ರುಚಿಸಬೇಕಾದರೆ ಬೆಂಗಳೂರಿನ ಒಗ್ಗರಣೆ ಬೇಕೇಬೇಕು ಎಂದುಕೊಳ್ಳಬೇಡಿ.

1,200 ಪದಗಳೊಳಗೆ ಹೊಸದಾಗಿ ಬರೆಯಿರಿ, ಹಳೆಯದನ್ನು ತಿದ್ದಲು ಹೋಗಬೇಡಿ. ಸ್ವಿಂಡನ್‌ನಿಂದ ಹೊರಟು, ಬ್ಲ್ಯಾಕ್‌ಪೂಲ್‌ನಲ್ಲಿ ನಿಧಾನಿಸಿ, ನಾಟ್ಸ್ ಕೌಂಟಿಯಲ್ಲಿ ಮುಗಿಸಬಹುದು. ಜಿನೋವಾ ಪಂದ್ಯಕ್ಕೆ ಕೊನೆಯಲ್ಲಿ ಒಂದು ಸಾಲು. ಶೀರ್ಷಿಕೆಯನ್ನು ನನಗೆ ಬಿಡಿ. ಮುಂದಿನ ತಿಂಗಳ 10ರೊಳಗೆ ಬಂದರೆ ಕ್ರೀಡಾ ಪುಟದಲ್ಲಿ ಜಾಗ ಕಾದಿಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ