ಪಿಟ್ಸ್‌ಬರ್ಗ್ ವಿಮಾನ ನಿಲ್ದಾಣವನ್ನು ಕ್ರಿಸ್ಟಿನಾ ಕಸೋಟಿಸ್ ಹೇಗೆ ಬದಲಾಯಿಸಿದರು?

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1992ರಲ್ಲಿ ತೆರೆದ ಟರ್ಮಿನಲ್ ಕಟ್ಟಿದ್ದೇ ಯುಎಸ್‌ಏರ್ ಕಂಪನಿಯ ಹಬ್‌ಗಾಗಿ. ಅಂದರೆ ಅಲ್ಲಿ ವಿಮಾನ ಬದಲಾಯಿಸಿ ಮುಂದೆ ಹೋಗುವವರಿಗಾಗಿ. 2004ರಲ್ಲಿ ಕಂಪನಿ ಹಬ್ ಕೈಬಿಟ್ಟಿತು, ಗೇಟುಗಳು ಭಣಗುಟ್ಟಿದವು.

2015ರಲ್ಲಿ ವಿಮಾನ ನಿಲ್ದಾಣದ ಸಿಇಒ ಆಗಿ ಬಂದ ಕಸೋಟಿಸ್, ಹೋದ ಹಬ್ ಮತ್ತೆ ಬರಲಿ ಅಂತ ಸುಮ್ನೆ ಕಾಯಲಿಲ್ಲ. ಊರಿನವರಿಗೆ ಏನು ಬೇಕು ಎಂದು ನೋಡಿದರು. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಏರ್‌ಲೈನ್‌ಗಳ ಮನವೊಲಿಸಿ ನೇರ ವಿಮಾನಗಳನ್ನು ತಂದರು. 2019ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್‌ಗೆ ಮತ್ತೆ ಹಾರತೊಡಗಿತು. 2017ರಲ್ಲಿ ಟಿಕೆಟ್ ಇಲ್ಲದವರಿಗೂ ಪಾಸ್ ಕೊಟ್ಟು, ತಪಾಸಣೆ ಮಾಡಿ ಗೇಟಿನವರೆಗೆ ಬಿಡಲು ಶುರುಮಾಡಿದರು. ಮೊಮ್ಮಗು ಇಳಿದು ಬರುವಾಗ ಅಜ್ಜಿ ಅಲ್ಲೇ ಬಾಗಿಲ ಹತ್ತಿರ ನಿಲ್ಲುವಂತಾಯಿತು, ಎಷ್ಟು ಚೆಂದ ಅಲ್ವಾ? 2001ರ ಭಯೋತ್ಪಾದಕ ದಾಳಿಯ ನಂತರ ಆ ದೇಶದಲ್ಲಿ ಇದು ನಿಂತೇ ಹೋಗಿತ್ತು.

2021ರಲ್ಲಿ ನಿಲ್ದಾಣದ ಜಾಗದಲ್ಲೇ ತೆಗೆಯುವ ಅನಿಲ ಮತ್ತು ಸೌರಫಲಕಗಳಿಂದ ಸ್ವಂತ ವಿದ್ಯುತ್ ಬಂತು.

ಹಳೆಯ ವ್ಯವಸ್ಥೆಯಲ್ಲಿ ಚೆಕ್-ಇನ್ ಒಂದು ಕಟ್ಟಡ, ಗೇಟುಗಳು ಇನ್ನೊಂದು ಕಟ್ಟಡ, ನಡುವೆ ಪುಟ್ಟ ರೈಲು. 2025ರ ನವೆಂಬರ್‌ನಲ್ಲಿ ತೆರೆದ ಹೊಸ ಟರ್ಮಿನಲ್ ಗೇಟುಗಳಿಗೆ ಅಂಟಿಕೊಂಡೇ ಇದೆ. ಈಗ ರೈಲು ಹತ್ತಬೇಕಿಲ್ಲ, ನಡೆದೇ ಹೋಗಬಹುದು.